ಜೀರಿಗೆ ಮನೆಯ ಮಗಳು

"ಅಲ್ಲೇ ನಿಂದರ್ರಿ. ಒಳಗ ಬರಬ್ಯಾಡ್ರಿ."

ಎತ್ತಿದ ಕಾಲು ಹೊಸ್ತಿಲ ಹತ್ತಿರವೇ ನಿಂತುಬಿಟ್ಟಿತು. ರಾಯವ್ವ ತಲೆಯೆತ್ತಿ ನೋಡಿದಳು.

ಬಾಗಿಲ ತುಂಬ ಒಬ್ಬ ಗಂಡಸು ನಿಂತಿದ್ದ. ಹೆಗಲ ಮೇಲೆ ಉಣ್ಣೆಯ ಮೂಟೆ, ಮೀಸೆಗೂ ಒಂದೆರಡು ಉಣ್ಣೆಯ ಎಳೆ. ಕಣ್ಣು ಮಾತ್ರ ಮೆತ್ತಗಿರಲಿಲ್ಲ. ಅದು ಅವಳ ಬೋಳು ಕೈಗಳನ್ನು ನೋಡಿತು, ಕಂಕುಳಲ್ಲಿದ್ದ ಗಂಟನ್ನು ನೋಡಿತು, ಅವಳ ಹಿಂದೆ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದ ಮುದುಕಿಯನ್ನೂ ನೋಡಿತು.

"ಇಲಿ ಬಿದ್ದ ಊರಿಂದ ಬಂದೀರೇನು?"

ಇಡೀ ರಾಮದುರ್ಗ ಬೆಳಗಿನಿಂದ ಅವಳನ್ನು ಕೇಳಿದ್ದು ಇದೊಂದೇ ಪ್ರಶ್ನೆ!

ಇಪ್ಪತ್ತನೆಯ ಶತಮಾನ ಆಗಷ್ಟೇ ಕಣ್ಣು ಬಿಟ್ಟಿತ್ತು. ಪ್ಲೇಗು ಊರಿಂದೂರಿಗೆ ತಿರುಗುತ್ತಿದ್ದ ಕಾಲ. ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಜನ ಬೀಗ ಜಡಿದು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಪರ ಊರಿನವರು ಬಂದು ನೀರು ಕೇಳಿದರೂ ಹಿಂದೆಮುಂದೆ ನೋಡುತ್ತಿದ್ದರು. ಹಾಗಂತ ಅವರನ್ನು ಬೈಯುವ ಹಾಗೂ ಇರಲಿಲ್ಲ. ಜೀವದ ಆಸೆ ಯಾರಿಗಿಲ್ಲ ಹೇಳಿ.

ರಾಯವ್ವ ಬೈಲಹೊಂಗಲದ ಕಡೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದವಳು. ಆ ಬೇನೆ ಅವಳ ಗಂಡನನ್ನೂ ಮಾವನನ್ನೂ ತಿಂದು ಹಾಕಿತ್ತು. ಉಳಿದವರು ಅವಳು ಮತ್ತು ಅತ್ತೆ ಮುದಕವ್ವ. ಹೊಲ ದಾಯಾದಿಗಳ ಪಾಲಾಯಿತು. ಅಪ್ಪ ಅವ್ವ ಇಲ್ಲದ ತವರು ಚಚಡಿಗೆ ಹೋದರೆ ಕಾಕಾ ಒಂದೇ ಕದ ತೆಗೆದು, ಅದರ ಸಂದಿಯಿಂದಲೇ ಮಾತಾಡಿ, ಅದನ್ನೂ ಮುಚ್ಚಿದ. ಮುದಕವ್ವನ ಮೊಣಕಾಲು ಬಾತುಕೊಂಡಿದ್ದವು. ಇನ್ನೊಂದು ಊರು ನಡೆಯುವ ಶಕ್ತಿ ಆಕೆಗಿರಲಿಲ್ಲ.

'ಈ ಬಾಗಲಾನೂ ಮುಚ್ಚಿದ್ರ ಅತ್ತಿ ಬೀದ್ಯಾಗ ಸಾಯತಾಳ...'

ಬೇನೆ ಹೋಗಿ ವರ್ಷವಾಯಿತು, ತಮಗೇನೂ ಆಗಿಲ್ಲ ಎಂದು ರಾಯವ್ವ ಹೇಳಿದಳು. ಅವನು ನಂಬಿದಂತೆ ಕಾಣಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಯಾರದು ಲಗಮಾ ಎಂದು ಕೇಳುತ್ತ ಒಬ್ಬ ಹೆಂಗಸು ಬಂದಳು. ಎತ್ತರದ ಆಳು, ಹಣೆಯ ತುಂಬ ಭಂಡಾರದ ಅರಿಶಿನ. ಅವಳೇ ಶಟ್ಟೆವ್ವ. ಗಂಡ ಹೋದ ಮೇಲೆ ಕಂಬಳಿ ನೇಯಿಸುವ ಆ ಮನೆಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಬಾಗಿಲಲ್ಲಿ ನಿಂತವನು ಅವಳ ಒಬ್ಬನೇ ಮಗ ಲಗಮಪ್ಪ.

ಶಟ್ಟೆವ್ವ ಇಲಿಯ ಸುದ್ದಿ ಎತ್ತಲಿಲ್ಲ. "ಯಾವೂರಾಕಿ ನೀ? ಯಾವ ಬೆಡಗು?" ಎಂದಳು.

ಬೆಡಗು ಎಂದರೆ ಕಂಬಳಿ ನೇಯುವ ಆ ಜನರಿಗೆ ವಂಶದ ಬೇರು. ಒಂದೇ ಬೆಡಗಿನವರು ಎಷ್ಟು ದೂರದವರಾದರೂ ಅಣ್ಣ ತಂಗಿ. ಅವರೊಳಗೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ರಾಯವ್ವ ಹುಟ್ಟಿದ್ದು ಬಸರಿ ಬೆಡಗಿನಲ್ಲಿ. ಆದರೆ ಸವದತ್ತಿಯಿಂದ ಕರೆತಂದ ಗಾಡಿಯ ಯಮನಪ್ಪ ಹಾದಿಯಲ್ಲಿ ಒಂದು ಮಾತು ಹೇಳಿದ್ದ. ಶಟ್ಟೆವ್ವನ ಮನೆಯವರು ಜೀರಿಗೆ ಬೆಡಗಿನವರು, ತಮ್ಮ ಬೆಡಗಿನ ಮಗಳು ನಿರ್ಗತಿಕಳಾಗಿ ಬಂದರೆ ಬಾಗಿಲು ಮುಚ್ಚುವುದಿಲ್ಲ, ಅದು ಅವರ ಹಿರಿಯರು ಇಟ್ಟ ಆಣೆ ಎಂದು. ಪಾಪ, ಅವನು ಹೊತ್ತು ಹೋಗಲೆಂದು ಹೇಳಿದ ಮಾತು. ರಾಯವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

"ಚಚಡ್ಯಾಕಿ ರೀ," ಎಂದಳು. ಒಮ್ಮೆ ಅತ್ತೆಯ ಕಡೆ ನೋಡಿದಳು. "ಜೀರಗಿ ಬೆಡಗು."

ಶಟ್ಟೆವ್ವನ ಮುಖ ಅರಳಿತು. "ನಮ್ಮ ಮಗಳನ್ನ ಬಾಗಲದಾಗ ನಿಂದರಿಸಿಯಲ್ಲೋ ಲಗಮಾ, ದಾರಿ ಬಿಡು," ಎಂದು ಮಗನನ್ನು ಬದಿಗೆ ಸರಿಸಿದಳು.

ಲಗಮಪ್ಪ ಸರಿದ. ಆದರೆ ಅವಳು ಹಾದು ಹೋಗುವಾಗ ಅವನ ಕಣ್ಣು ಅವಳ ಮುಖದ ಮೇಲೆಯೇ ಇತ್ತು. ನೀ ಹೇಳಿದ್ದು ಖರೇನಾ ಎಂದು ಕೇಳುವ ಕಣ್ಣು.

*

ಹಿತ್ತಿಲ ಕಡೆ ಉಣ್ಣೆ ಕೂಡಿಡುವ ಕೋಣೆ. ಅದರ ಪಕ್ಕದ ಸಣ್ಣ ಕೋಣೆಯೇ ಅವರ ಹೊಸ ಮನೆ.

ಎರಡು ದಿನದಿಂದ ಮುದಕವ್ವನ ಹೊಟ್ಟೆಗೆ ಬಿಸಿ ಬಿದ್ದಿರಲಿಲ್ಲ. ರಾಯವ್ವ ಅವಸರದಲ್ಲಿ ಒಲೆ ಹೂಡಿ, ಗಂಟಿನ ಮೂಲೆಯಲ್ಲಿ ಹಳೆಯ ಮನೆಯಿಂದ ಕಟ್ಟಿಕೊಂಡು ಬಂದಿದ್ದ ಒಂದು ಹಿಡಿ ಜೀರಿಗೆ ಬಿಚ್ಚಿದಳು. ಜೀರಿಗೆ ಸಾರು ಕುಡಿದರೆ ಅತ್ತೆಗೆ ಜೀವ ಬಂದಂತಾಗುತ್ತಿತ್ತು.

ಅವಳು ಯೋಚಿಸಬೇಕಿತ್ತು. ತನ್ನ ಬಸರಿ ಬೆಡಗಿನವರು ಬಸರಿ ಮರದ ಕಟ್ಟಿಗೆಯನ್ನು ಒಲೆಗೆ ಹಾಕುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಜೀರಿಗೆ ಬೆಡಗಿನವರಿಗೂ ಅಂಥದೊಂದು ನೇಮ ಇರಬಹುದು ಎಂದು ಹೊಳೆಯಬೇಕಿತ್ತು. ಆದರೆ ಹಸಿವು ದಣಿವು ಕೂಡಿದಾಗ ಕೈ ತಾನೇ ಕೆಲಸ ಮಾಡುತ್ತದೆ, ತಲೆಯನ್ನು ಕೇಳುವುದಿಲ್ಲ.

ಎಣ್ಣೆಯಲ್ಲಿ ಜೀರಿಗೆ ಚಟಪಟ ಎಂದಿತು. ಘಮ್ಮೆಂದು ವಾಸನೆ ಎದ್ದಿತು.

ಆಗಲೇ ಕಟ್ಟಿಗೆಯ ಹೊರೆ ಹೊತ್ತು ಲಗಮಪ್ಪ ಬಾಗಿಲಿಗೆ ಬಂದ. ಬಂದವನು ಅಲ್ಲೇ ನಿಂತ. ಮೂಗು ಒಮ್ಮೆ ಅರಳಿತು. ಒಲೆಯ ಮೇಲಿನ ಬೋಗುಣಿ ನೋಡಿದ, ಆಮೇಲೆ ಅವಳನ್ನು ನೋಡಿದ. ಅಂಗಳದಲ್ಲಿ ಶಟ್ಟೆವ್ವನ ಹೆಜ್ಜೆ ಕೇಳಿಸಿತು.

ಅವನು ಕಟ್ಟಿಗೆ ಇಳಿಸಿ, ಮೂಲೆಯಲ್ಲಿ ಬಿದ್ದಿದ್ದ ಕೊಳಕು ಉಣ್ಣೆಯನ್ನು ಬೊಗಸೆ ತುಂಬ ಬಾಚಿ ಒಲೆಗೆ ಹಾಕಿಬಿಟ್ಟ!

ಸುಟ್ಟ ಉಣ್ಣೆಯ ನಾತ ನಿಮಗೆ ಗೊತ್ತಿದ್ದರೆ ಹೇಳಬೇಕಿಲ್ಲ, ಗೊತ್ತಿಲ್ಲದಿದ್ದರೆ ಪುಣ್ಯವಂತರು. ಕೋಣೆ ತುಂಬ ಹೊಗೆ. ಮುದಕವ್ವ ಕೆಮ್ಮಿ ಕೆಮ್ಮಿ ಹೊರಗೆ ಬಂದಳು. ಶಟ್ಟೆವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಮಗನಿಗೆ ಸರಿಯಾಗಿ ಬೈದಳು. ಕೈ ತಪ್ಪಿ ಬಿತ್ತು ಎಂದ ಅವನು, ಮುಖದಲ್ಲಿ ಏನೂ ಇಲ್ಲದೆ. ಈ ನಾತದೊಳಗೆ ಯಾರು ಉಣ್ಣುತ್ತಾರೆ, ಇವತ್ತು ನಮ್ಮ ಮನೆಯಲ್ಲೇ ಊಟ ಎಂದು ಶಟ್ಟೆವ್ವ ಇಬ್ಬರನ್ನೂ ಕರೆದುಕೊಂಡು ಹೋದಳು. ಹೋಗುವಾಗ ರಾಯವ್ವ ಹಿಂತಿರುಗಿ ನೋಡಿದರೆ ಅವನು ಬೋಗುಣಿಯನ್ನು ಹಿತ್ತಿಲ ಗುಂಡಿಗೆ ಬಗ್ಗಿಸುತ್ತಿದ್ದ.

'ಬಂದ ದಿನಾನ ಅನ್ನಕ್ಕ ಕಲ್ಲ ಹಾಕಿದ... ಏನ್ ಮನಶ್ಯಾ ಇಂವ!'

ಮರುದಿನ ಬೆಳಿಗ್ಗೆ ಅವಳು ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಲಗಮಪ್ಪ ತಾಯಿಯನ್ನು, ಇವಳಿಗೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ, ನಮ್ಮ ಬೆಡಗಿನವರು ಜೀರಿಗೆ ಯಾಕೆ ಮುಟ್ಟುವುದಿಲ್ಲ, ಇನ್ನೊಮ್ಮೆ ಹೇಳು ಎಂದು ಕೇಳಿದ.

ಶಟ್ಟೆವ್ವನಿಗೆ ಹುರುಪು ಬಂತು. ಬಹಳ ಹಿಂದೆ ಅವರ ಹಿರಿಯನೊಬ್ಬ ಕುದುರೆ ಸವಾರರಿಗೆ ಹೆದರಿ ಓಡುತ್ತ ಬಂದು ಜೀರಿಗೆ ಹೊಲದಲ್ಲಿ ಅಡಗಿ ಬದುಕಿದನಂತೆ. ಅಂದಿನಿಂದ ಆ ವಂಶದಲ್ಲಿ ಜೀರಿಗೆ ಬಿತ್ತುವುದಿಲ್ಲ, ಕೊಳ್ಳುವುದಿಲ್ಲ, ತಿನ್ನುವುದಿಲ್ಲ. ಒಗ್ಗರಣೆಯ ವಾಸನೆ ಬಂದರೂ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಜೀರಿಗೆ ಗಿಡ ಮೊಣಕಾಲಿಗೂ ಬರುವುದಿಲ್ಲವಲ್ಲ, ಆಳು ಹೇಗೆ ಅಡಗಿದ ಎಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ನೀವೂ ಕೇಳಬೇಡಿ.

ರಾಯವ್ವನ ಕೈ ಉಣ್ಣೆಯೊಳಗೇ ನಿಂತಿತು. ಲಗಮಪ್ಪ ಕಥೆ ಕೇಳುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ.

ಉಳಿದ ಜೀರಿಗೆಯನ್ನು ಅವತ್ತೇ ಹೊಳೆಗೆ ಚೆಲ್ಲಿ ಬಂದಳು. ಸುಟ್ಟ ಉಣ್ಣೆಯ ನಾತ ತನ್ನ ಅದೃಷ್ಟಕ್ಕೆ ಬಂತು ಎಂದುಕೊಂಡಳು. ಆದರೆ ಸಂಶಯ ಹೊಟ್ಟೆಯಲ್ಲಿ ಕೂತೇಬಿಟ್ಟಿತು.

'ಇಂವಗ ಗೊತ್ತಾಗೈತಿ... ಇಲ್ಲ, ಗೊತ್ತಾಗಿದ್ರ ನಿನ್ನೇನ ಹೇಳತಿದ್ದ. ಗೊತ್ತಿದ್ದೂ ಸುಮ್ಮನದಾನಂದ್ರ, ಯಾಕ ಸುಮ್ಮನದಾನ? ನನ್ನಿಂದ ಏನ ಬೇಕಾಗೈತಿ ಇಂವಗ?'

ಗಂಡನಿಲ್ಲದ ಹೆಣ್ಣಿನ ಗುಟ್ಟು ಗಂಡಸಿನ ಕೈಗೆ ಸಿಕ್ಕರೆ ಅವನು ಸುಮ್ಮನೆ ಬಿಡುವುದಿಲ್ಲ. ಅವಳು ಕಂಡ ಲೋಕ ಅವಳಿಗೆ ಹೇಳಿಕೊಟ್ಟದ್ದು ಅಷ್ಟೇ.

*

ಹೊಸ ಊರು ನಿಧಾನಕ್ಕೆ ಹಳೆಯದಾಗತೊಡಗಿತು. ರಾಯವ್ವನ ನೂಲು ಸಣ್ಣಗೆ, ಗಂಟಿಲ್ಲದೆ ಬರುತ್ತಿತ್ತು. ಹುಣಸೆ ಬೀಜದ ಅಂಬಲಿ ಕಾಯಿಸಿ ಮಗ್ಗದ ಹಾಸು ನೂಲಿಗೆ ಹಚ್ಚುವ ಕೆಲಸವನ್ನೂ ಕಲಿತಳು. ಶಟ್ಟೆವ್ವ ಓಣಿಯಲ್ಲೆಲ್ಲ ಚಚಡಿಯ ನಮ್ಮ ಮಗಳು ಎಂದು ಹೇಳಿಕೊಂಡು ಬಂದಳು. ಇವಳು ಆಕೆಯನ್ನು ದೊಡ್ಡವ್ವ ಎಂದು ಕರೆಯುತ್ತಿದ್ದಳು, ಕರೆದಾಗಲೆಲ್ಲ ಎದೆಯಲ್ಲಿ ಮುಳ್ಳಾಡುತ್ತಿತ್ತು.

ಲಗಮಪ್ಪನನ್ನು ಅಣ್ಣ ಎನ್ನಬೇಕು. ಬೆಡಗಿನ ಮಗಳು ಮತ್ತೇನು ಎನ್ನುತ್ತಾಳೆ?

ಆದರೆ ಅವನು ಆ ಹೆಸರಿಗೆ ಓಗೊಡುತ್ತಲೇ ಇರಲಿಲ್ಲ. ಅಣ್ಣಾ, ದೊಡ್ಡವ್ವ ಕರೆಯುತ್ತಾಳೆ ಎಂದರೆ ಕಿವಿ ಕೇಳದವನಂತೆ ಎದ್ದು ಹೋಗುತ್ತಿದ್ದ. ಅಣ್ಣಾ, ನೂಲು ಆಯಿತು ಎಂದರೆ ಕೈ ಮಾತ್ರ ಚಾಚುತ್ತಿದ್ದ. ಎಷ್ಟು ಸೊಕ್ಕು ಎಂದು ಅವಳಿಗೆ ಸಿಟ್ಟು. ತಂಗಿ ಎಂದು ಒಪ್ಪಿಕೊಳ್ಳಲಿಕ್ಕೂ ಮನಸ್ಸಿಲ್ಲ ಈತನಿಗೆ!

ಮೇಲಾಗಿ ಅವನ ಪ್ರಶ್ನೆಗಳು. ಚಚಡಿಯ ವಾಡೆಯಿಂದ ನಿಮ್ಮ ಮನೆ ಎಷ್ಟು ದೂರ, ನಿಮ್ಮಪ್ಪನ ಹೆಸರೇನು, ಬೀರಪ್ಪನ ಗುಡಿಗೆ ಯಾವ ವಾರ ನಡೆದುಕೊಳ್ಳುತ್ತೀರಿ. ಅವಳು ಖರೇ ಹೇಳಬಹುದಾದ ಕಡೆ ಖರೇ ಹೇಳಿ, ಉಳಿದದ್ದಕ್ಕೆ ಕೆಮ್ಮಿ, ಅತ್ತೆ ಕರೆದಳೆಂದು ಎದ್ದು ಹೋಗುತ್ತಿದ್ದಳು.

ಹೀಗಿದ್ದೂ ಒಂದು ದಿನ ಅವನು ಮುದಕವ್ವನ ಮಡಿಲಿಗೆ ಮೆತ್ತನೆಯ ಸಣ್ಣ ಕಂಬಳಿಯೊಂದನ್ನು ಹಾಕಿ, ಮೊಣಕಾಲಿಗೆ ಸುತ್ತಿಕೊಳ್ಳಿ ಎಂದು ಹೇಳಿ ನಿಲ್ಲದೆ ಹೋಗಿಬಿಟ್ಟ. ತಾನೇ ನೇಯ್ದದ್ದು. ಅದರ ನೂಲು ರಾಯವ್ವ ತೆಗೆದದ್ದು.

"ಈ ಹುಡುಗ ಕೆಟ್ಟಾಂವ ಅಲ್ಲ ಬಿಡ," ಎಂದಳು ಮುದಕವ್ವ, ಕಂಬಳಿ ಸವರುತ್ತ.

ರಾಯವ್ವ ನೂಲುವ ಕದಿರು ತಿರುಗಿಸುತ್ತಲೇ ಇದ್ದಳು. ಅವಳಿಗೆ ಬೇರೆಯೇ ಒಂದು ಹೆದರಿಕೆ ಹತ್ತಿತ್ತು. ಉಣ್ಣೆ ಕೊಳ್ಳಲು ಅವನು ಹಳ್ಳಿಗಳಿಗೆ ಹೋದ ದಿನ ಅವಳ ನೂಲು ಮತ್ತೆ ಮತ್ತೆ ಹರಿಯುತ್ತಿತ್ತು. ಸಂಜೆ ಬಾಗಿಲು ಕಿರ್ರೆಂದರೆ ಸಾಕು, ಕತ್ತು ತಾನಾಗಿ ತಿರುಗುತ್ತಿತ್ತು. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅವನು ಮದುವೆಯ ಮಾತನ್ನೇ ಎತ್ತಗೊಡುವುದಿಲ್ಲ ಎಂದು ಶಟ್ಟೆವ್ವ ಕಣ್ಣೊರೆಸಿಕೊಂಡಾಗ, ಇವಳಿಗೆ ದುಃಖದ ಬದಲು ಏನೋ ಹಗುರವಾಯಿತು.

'ಥೂ, ಏನ ಬುದ್ಧಿ ನನ್ನದು... ಅಣ್ಣ ಅಂತ ಕರೀತೇನಿ, ಮನಸಿನ್ಯಾಗ ಇದನ್ನ ಇಟಕೊಂಡೇನಿ.'

ಅಣ್ಣನಲ್ಲ ಎಂದು ಅವಳಿಗೆ ಗೊತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದ ದಿನ ಬೀದಿ. ಹೇಳದೆ ಇದ್ದರೆ ಜೀವಮಾನವಿಡೀ ಅವನು ಅಣ್ಣ. ಎತ್ತ ಹೊರಳಿದರೂ ಅವನು ಸಿಗುವ ಹಾಗಿರಲಿಲ್ಲ.

*

ಮಳೆಗಾಲಕ್ಕೆ ಮುಂಚೆ ಮಲಪ್ರಭೆಯಲ್ಲಿ ನೀರು ಕಡಿಮೆ ಇದ್ದಾಗ ಉಣ್ಣೆ ತೊಳೆಯುತ್ತಾರೆ. ಆಳುಗಳು ಬುತ್ತಿ ಉಣ್ಣಲು ಗಿಡದ ನೆರಳಿಗೆ ಹೋಗಿದ್ದರು. ರಾಯವ್ವ ಒಬ್ಬಳೇ ಮೊಣಕಾಲುದ್ದ ನೀರಿನಲ್ಲಿ ನಿಂತು ಉಣ್ಣೆ ಅಲುಬುತ್ತಿದ್ದಳು. ಲಗಮಪ್ಪ ಬಂದು ಬಂಡೆಯ ಮೇಲೆ ಕೂತ.

ಒದ್ದೆ ಉಣ್ಣೆಯ ಒಂದು ಎಳೆ ಎತ್ತಿ ಬೆರಳಿಗೆ ಸುತ್ತಿದ. ಆಮೇಲೆ, ಯಾವತ್ತೂ ಇಲ್ಲದ ಮೆತ್ತನೆಯ ದನಿಯಲ್ಲಿ ಕೇಳಿದ.

"ರಾಯವ್ವ, ಒಂದ ಮಾತ ಕೇಳತೇನಿ. ನೀ ಖರೇನ ನಮ್ಮ ಬೆಡಗಿನಾಕಿ ಏನು? ನನಗೊಬ್ಬನಿಗೆ ಹೇಳು. ಯಾರಿಗೂ ಹೇಳೂದಿಲ್ಲ."

ಹೇಳಿಬಿಡಲೇ? ನಾಲಗೆಯ ತುದಿಗೆ ಬಂದಿತ್ತು. ಆ ದನಿ ಅಷ್ಟು ನಂಬಿಕೆ ಹುಟ್ಟಿಸುವಂತಿತ್ತು. ಅದೇ ಅವಳಿಗೆ ಸಂಶಯ ತಂದದ್ದು. ಕಾಕಾನೂ ಬಾಗಿಲು ಮುಚ್ಚುವ ಮುಂಚೆ ಹೀಗೇ ಮೆತ್ತಗೆ ಮಾತಾಡಿದ್ದ.

'ನನ್ನ ಬಾಯಿಂದನ ಹೊರಡಸಾಕ ಹತ್ಯಾನ... ಹೇಳಿದೆ ಅಂದ್ರ ನಾ ಇವನ ಕೈಯಾಗಿನ ಗೊಂಬಿ.'

"ಖರೇನ ಹೇಳೇನ್ರಿ," ಎಂದಳು, ನೀರು ನೋಡುತ್ತ. "ಜೀರಗಿ ಬೆಡಗು. ಬೀರಪ್ಪನ ಆಣಿ... ಅಣ್ಣಾ."

ಲಗಮಪ್ಪನ ಮುಖ ಬಾಡಿತು. ಗುಟ್ಟು ಸಿಗದ ಸಿಟ್ಟು ಅದು ಎಂದು ಅವಳು ಅಂದುಕೊಂಡಳು. ಅವನು ಎದ್ದು ನಡೆದುಬಿಟ್ಟ.

ಅಂದಿನಿಂದ ಅವನ ಪ್ರಶ್ನೆಗಳು ನಿಂತವು. ಅವಳಿದ್ದ ಕಡೆ ಅವನು ಬರುವುದೂ ನಿಂತಿತು. ರಾಯವ್ವನಿಗೆ ನೆಮ್ಮದಿಯಾಗಬೇಕಿತ್ತು. ಅನ್ನ ಸೇರಲಿಲ್ಲ.

*

ಶ್ರಾವಣ ಬಂತು. ನಾಗರಪಂಚಮಿಗೆ ಎರಡು ದಿನವಿರುವಾಗ ಲಗಮಪ್ಪ ಊರಲ್ಲಿರಲಿಲ್ಲ. ಹಬ್ಬಕ್ಕೆ ಮಗ ಎಲ್ಲಿ ಹೋದ ಎಂದು ಶಟ್ಟೆವ್ವ ಗೊಣಗುತ್ತಿದ್ದಳು. ಉತ್ತರ ಕೊಟ್ಟವನು ಗಾಡಿಯ ಯಮನಪ್ಪ. ಉಣ್ಣೆ ಇಳಿಸಲು ಬಂದವನು, ನಿಮ್ಮ ಲಗಮಪ್ಪ ಸವದತ್ತಿಯಲ್ಲಿ ಇಳಿದು ಚಚಡಿಯ ಹಾದಿ ಹಿಡಿದ, ಯಾರದೋ ಬೆಡಗು ವಿಚಾರಿಸಬೇಕಂತೆ ಎಂದು ರಾಯವ್ವನ ಎದುರಿಗೇ ಹೇಳಿದ.

ಶಟ್ಟೆವ್ವ ಅಡಿಗೆ ಮನೆಯಲ್ಲಿದ್ದಳು, ಕೇಳಿಸಿಕೊಳ್ಳಲಿಲ್ಲ. ರಾಯವ್ವನ ಕೈಯಿಂದ ಕದಿರು ಜಾರಿ ಬಿತ್ತು.

ಮುದಕವ್ವನಿಗೆ ಸುದ್ದಿ ಹೇಳಿದಾಗ ಆಕೆ ಗಂಟು ಕಟ್ಟು ಎಂದಳು. ಅವನು ಬಂದು ಹೊರಗೆ ಹಾಕುವ ಮುಂಚೆ ನಾವೇ ಹೋಗೋಣ, ಇಲ್ಲಿ ಉಂಡದ್ದು ನಮ್ಮ ಋಣ, ತೀರಿತು. ಆದರೆ ಏಳಲು ಹೋದವಳು ಮೊಣಕಾಲು ಹಿಡಿದು ಮತ್ತೆ ಕೂತಳು. ರಾಯವ್ವ ಗಂಟು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿ ಬಾಗಿಲ ಹಿಂದೆ ಇಟ್ಟಳು.

ಪಂಚಮಿಯ ಬೆಳಿಗ್ಗೆ ಅವರು ಹೊರಡುವ ಮುಂಚೆ ಶಟ್ಟೆವ್ವ ಹೊಸ ಸೀರೆ ಹಿಡಿದು ಬಂದುಬಿಟ್ಟಳು. ತವರಿಗೆ ಬಂದ ಮಗಳು ಹಳೆಯ ಸೀರೆಯಲ್ಲಿ ಹಾಲು ಎರೆದರೆ ಓಣಿಯವರು ನನ್ನನ್ನು ಆಡಿಕೊಳ್ಳುತ್ತಾರೆ ಎಂದಳು. ರಾಯವ್ವ ಹಿಂಜರಿದಳು, ಗಂಡ ಸತ್ತವಳು ತಾನು ಮುಂದೆ ಬರಬಾರದು ಎಂದಳು.

"ಅಣ್ಣನ ಪಾಲು ಎರಿಯಾಕ ಗಂಡ ಇರಬೇಕಂತ ಯಾರ ಹೇಳ್ಯಾರ? ನಡಿ," ಎಂದು ಶಟ್ಟೆವ್ವ ಕೈ ಹಿಡಿದು ಎಳೆದೊಯ್ದಳು.

ಹಿತ್ತಿಲ ಬೇವಿನ ಗಿಡದ ಬುಡದಲ್ಲಿ ನಾಗಪ್ಪನ ಕಲ್ಲು. ಅಲ್ಲಿ ಮನೆಯ ಹೆಣ್ಣುಮಗಳು ಪ್ರತಿಯೊಬ್ಬರ ಹೆಸರು ಹೇಳಿ ಹಾಲು ಎರೆಯಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು... ಕೊನೆಗೆ ಅಣ್ಣನ ಪಾಲು. ನಾಗಪ್ಪನ ಮುಂದೆ ಹೇಳಿದ ಮಾತು ಗೆರೆ ಕೊರೆದಂತೆ. ಆಮೇಲೆ ಅವನು ಅಣ್ಣನೇ.

ರಾಯವ್ವ ಎರೆದಳು. ಅಪ್ಪನ ಪಾಲಿನವರೆಗೆ ದನಿ ಗಟ್ಟಿಯಾಗಿತ್ತು. ಅವ್ವನ ಪಾಲಿಗೆ ನಡುಗಿತು.

"ಹೂಂ, ಲಗಮಣ್ಣನ ಪಾಲು ಅನ್ನು," ಎಂದಳು ಶಟ್ಟೆವ್ವ.

ಬಟ್ಟಲು ಕೈಯಲ್ಲೇ ನಿಂತಿತು. ಇಷ್ಟು ತಿಂಗಳು ಸಲೀಸಾಗಿ ಹೊರಟ ಮಾತು ಇವತ್ತು ಹೊರಡಲಿಲ್ಲ. ಹೇಗಿದ್ದರೂ ಸಂಜೆಯೊಳಗೆ ಅವನು ಬಂದು ಹೇಳುತ್ತಾನೆ, ಅಲ್ಲಿಯತನಕವಾದರೂ ಅತ್ತೆ ಬೆಚ್ಚಗೆ ಇರಲಿ ಎಂದು ಅವಳ ಬುದ್ಧಿ ಹೇಳುತ್ತಿತ್ತು. ಕೈ ಕೇಳಲಿಲ್ಲ. ಅವಳು ಬಟ್ಟಲನ್ನು ಕೆಳಗಿಟ್ಟಳು.

"ಈ ಪಾಲು ನನಗ ಎರಿಯಾಕ ಆಗೂದಿಲ್ಲ ದೊಡ್ಡವ್ವ. ನಾ ನಿಮ್ಮ ಬೆಡಗಿನಾಕಿ ಅಲ್ಲ. ಬಸರಿ ಬೆಡಗಿನಾಕಿ. ಅತ್ತಿ ಬೀದ್ಯಾಗ ಸಾಯತಾಳಂತ ಹೆದರಿ ನಿಮ್ಮ ಬಾಗಲದಾಗ ಸುಳ್ಳ ಹೇಳಿದೆ."

ಶಟ್ಟೆವ್ವನ ಮುಖದಲ್ಲಿ ಮೊದಲು ಬೆರಗು, ಆಮೇಲೆ ನೋವು, ಆಮೇಲೆ ಸಿಟ್ಟು, ಒಂದರ ಹಿಂದೆ ಒಂದು ಬಂದವು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. ಇಷ್ಟು ದಿನ ಸುಳ್ಳು ಹೇಳಿದವಳಿಗೆ ಇವತ್ತೊಂದು ದಿನ ಹೇಳಲು ಏನಾಗಿತ್ತು?

ರಾಯವ್ವ ತಲೆ ತಗ್ಗಿಸಿದಳು. ಅದಕ್ಕೆ ಉತ್ತರ ಅವಳ ಬಳಿ ಇತ್ತು, ಆದರೆ ತಾಯಿಯೊಬ್ಬಳಿಗೆ ಹೇಳುವಂಥದ್ದಲ್ಲ. ಕೆನ್ನೆ ಮಾತ್ರ ಕೆಂಪಾದವು.

"ನನಗ ಮೊದಲನೇ ದಿನಾನ ಗೊತ್ತಿತ್ತವ್ವ."

ಹಿತ್ತಿಲ ಬಾಗಿಲಲ್ಲಿ ಲಗಮಪ್ಪ ನಿಂತಿದ್ದ. ಕಾಲಿಗೆ ಮೊಣಕಾಲಿನವರೆಗೆ ಎರೆ ಮಣ್ಣಿನ ಕೆಸರು. ಯಾವಾಗ ಬಂದಿದ್ದನೋ, ಎಷ್ಟು ಕೇಳಿಸಿಕೊಂಡಿದ್ದನೋ.

ಬಂದ ದಿನವೇ ಜೀರಿಗೆ ಒಗ್ಗರಣೆಯ ವಾಸನೆ ತನ್ನ ಮೂಗಿಗೆ 'ಈಕೆ ನಮ್ಮವಳಲ್ಲ' ಎಂದು ಹೇಳಿತ್ತು ಎಂದ ಅವನು ತಾಯಿಗೆ. ನೀನು ಅಂಗಳದಲ್ಲಿ ಬರುತ್ತಿದ್ದೆ, ಉಣ್ಣೆ ಕೈ ತಪ್ಪಿ ಬೀಳಲಿಲ್ಲ, ನಾನೇ ಹಾಕಿದೆ. ಮರುದಿನ ಜೀರಿಗೆ ಕಥೆ ಹೇಳಿಸಿದ್ದೂ ನನಗಾಗಿ ಅಲ್ಲ, ಈಕೆ ಇನ್ನೊಮ್ಮೆ ಸಿಕ್ಕಿಬೀಳಬಾರದೆಂದು.

ರಾಯವ್ವನ ಕಣ್ಣೆದುರು ಆ ಸಂಜೆಯ ಹೊಗೆ ಸುಳಿದು ಹೋಯಿತು. ಅನ್ನಕ್ಕೆ ಕಲ್ಲು ಹಾಕಿದ ಎಂದು ಇಷ್ಟು ತಿಂಗಳು ಬೈದುಕೊಂಡಿದ್ದಳಲ್ಲ... ಅವನು ಇವಳನ್ನು ಕಾಯುತ್ತಿದ್ದ, ಇವಳು ಅವನಿಗೇ ಹೆದರುತ್ತಿದ್ದಳು.

"ಗೊತ್ತಿದ್ದ ಮ್ಯಾಲ ಚಚಡಿಗೆ ಯಾಕ ಹೋಗಿದ್ರಿ?" ಎಂದಳು. ದನಿ ಕೇಳಿಸಿತೋ ಇಲ್ಲವೋ.

"ಒಂದ ಜೀರಗಿ ನಂಬಿ ಹೆಂಗ ಇರಲಿ? ನಮ್ಮವರೊಳಗೂ ನೇಮ ಮರತವರು ಇರತಾರ. ಹೊಳ್ಯಾಗ ನೀ ಬೀರಪ್ಪನ ಆಣಿ ಮಾಡಿ ಖರೇ ಅಂದಿ. ನನಗ ಜೀವ ಹೋದಂಗಾತು." ಅವನು ತಾಯಿ ಎದುರಿದ್ದಾಳೆಂಬುದನ್ನೂ ಮರೆತಿದ್ದ. "ಹಾದಿ ತುಂಬ ಬೀರಪ್ಪಗ ಬೇಡಕೋತ ಹೋಗೇನಿ, ಈಕಿ ಹೇಳಿದ್ದು ಸುಳ್ಳಾಗಲಿ ಅಂತ. ನಿಮ್ಮ ಕಾಕಾ ನನಗೂ ಒಂದ ಕದಾನ ತಗದ. ಬಸರಿ ಬೆಡಗು ಅಂದ. ಅಷ್ಟ ಸಾಕಾತು, ಒಂದ ಉಸರಿಗೆ ಹೊಳ್ಳಿ ಬಂದೇನಿ."

ಶಟ್ಟೆವ್ವ ಮಗನನ್ನು ನೋಡಿದಳು. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ ಮಗ. ರಾಯವ್ವನನ್ನೂ ನೋಡಿದಳು. ಆಮೇಲೆ ನೆಲದ ಮೇಲಿದ್ದ ಹಾಲಿನ ಬಟ್ಟಲು ಎತ್ತಿ ಉಳಿದದ್ದನ್ನು ತಾನೇ ನಾಗಪ್ಪನಿಗೆ ಎರೆದಳು, ಯಾರ ಹೆಸರೂ ಹೇಳದೆ.

"ಊರ ಮಂದಿ ಮುಂದ ಮಗಳು ಅಂತ ಸಾರಿ ಬಂದೇನಿ," ಎಂದಳು. ದನಿಯಲ್ಲಿ ಏರಿಳಿತವಿರಲಿಲ್ಲ. "ಸುಳ್ಳ ಹೇಳಿ ಒಳಗ ಬಂದಾಕಿ ಈ ಮನ್ಯಾಗ ಇರಾಕ ಆಗೂದಿಲ್ಲ. ಗಂಟು ತಗೋ. ಮುದುಕಿನ ಕರಕೊ. ಹೊರಗ ನಡಿ."

ಲಗಮಪ್ಪ ಏನೋ ಹೇಳಹೋದ. ತಾಯಿ ಒಂದು ಕೈ ಎತ್ತಿದಳು, ಅವನ ಮಾತು ಅಲ್ಲೇ ನಿಂತಿತು.

ರಾಯವ್ವ ಎದುರಾಡಲಿಲ್ಲ. ಇದು ನ್ಯಾಯವೇ ಎನಿಸಿತು ಅವಳಿಗೆ. ಗಂಟು ಕಟ್ಟಿಯೇ ಇತ್ತು. ಮುದಕವ್ವನ ತೋಳು ಹಿಡಿದು, ನಿಧಾನಕ್ಕೆ ನಡುಮನೆ ದಾಟಿ, ಮೊದಲ ದಿನ ಕಾಲಿಟ್ಟ ಅದೇ ಹೊಸ್ತಿಲು ದಾಟಿ ಬೀದಿಗಿಳಿದಳು. ಹಿಂದೆ ಬಾಗಿಲು ಮುಚ್ಚಿತು.

ಹಾಲು ಎರೆದು ಬರುತ್ತಿದ್ದ ಓಣಿಯ ಹೆಂಗಸರು ಅಲ್ಲಲ್ಲೇ ನಿಂತು ನೋಡಿದರು. ಹಬ್ಬದ ದಿನ ತವರಿನಿಂದ ಮಗಳು ಗಂಟು ಹಿಡಿದು ಹೊರಗೆ ಬಂದರೆ ಯಾರು ತಾನೇ ನೋಡುವುದಿಲ್ಲ? ಮುದಕವ್ವ ಕಟ್ಟೆಯ ಮೇಲೆ ಕುಸಿದು ಕೂತಳು. ರಾಯವ್ವನಿಗೆ ಅಳು ಬರಲಿಲ್ಲ. ಅವನು ಹಾದಿ ತುಂಬ ಬೇಡಿಕೊಂಡದ್ದೊಂದೇ ಅವಳ ಕಿವಿಯಲ್ಲಿತ್ತು.

ಆಗ ಬಾಗಿಲು ಮತ್ತೆ ತೆರೆಯಿತು. ಎರಡೂ ಕದ.

ಹೊಸ್ತಿಲ ಮೇಲೆ ಶಟ್ಟೆವ್ವ ನಿಂತಿದ್ದಳು. ಅವಳು ಬೀದಿಯ ಆ ತುದಿಗೂ ಕೇಳಿಸುವಂತೆ ದನಿ ಎತ್ತಿದಳು.

"ಯಾವೂರಾಕಿ ನೀ? ಯಾವ ಬೆಡಗು?"

ರಾಯವ್ವನಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ತಿಳಿದದ್ದೇ ಕಣ್ಣೀರು ದಳದಳ ಇಳಿಯಿತು.

"ಹುಟ್ಟಿದ್ದು ಚಚಡಿ ರೀ. ಬಸರಿ ಬೆಡಗು. ಕೊಟ್ಟಿದ್ದು ಬೈಲಹೊಂಗಲ ಸೀಮಿ, ಗಂಡ ಪಿಲೇಗ ಬ್ಯಾನಿಯಾಗ ಹ್ವಾದ. ಈಕಿ ನಮ್ಮ ಅತ್ತಿ." ಉಸಿರು ಎಳೆದುಕೊಂಡಳು. "ಹಿಂದ ಇದ ಬಾಗಲದಾಗ ನಿಂತು ಜೀರಗಿ ಬೆಡಗು ಅಂತ ಸುಳ್ಳ ಹೇಳಿದ್ದೆ."

"ಕೇಳಿದ್ರೇನ್ರವ್ವಾ ಎಲ್ಲಾರೂ?" ಎಂದಳು ಶಟ್ಟೆವ್ವ ಓಣಿಯ ಕಡೆ ತಿರುಗಿ. "ನಾಳೆ ಯಾರೂ ಮಗಳನ್ನ ಸೊಸಿ ಮಾಡಕೊಂಡ್ಲು ಅನಬಾರದು. ನನ್ನ ಮಗಳು ಅಂತ ಬಂದಾಕಿ ಹೊರಗ ಹೋದಳು. ಈಗ ನಿಂತಾಕಿ ಬಸರಿ ಬೆಡಗಿನ ಹೆಣ್ಣು. ಬಸರ್ಯಾರಿಗೂ ನಮಗೂ ಕೊಟ್ಟು ತರೂದು ಮೊದಲಿಂದ ಐತಿ."

ಹೀಗೆಂದು ಅವಳು ಮೆಟ್ಟಿಲಿಳಿದು ಬಂದು ಮುದಕವ್ವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಳು. ಗಂಡ ಸತ್ತ ಹೆಣ್ಣಿಗೆ ಸೀರೆ ಉಡಿಸಿ ಮತ್ತೆ ಮನೆ ತುಂಬಿಸಿಕೊಳ್ಳುವ ಉಡಿಕಿ ಆ ಜನರಲ್ಲಿ ಹೊಸದಲ್ಲ. ಕೇಳಬೇಕಾದವರನ್ನು ಕೇಳಬೇಕು, ಅಷ್ಟೇ.

"ನಮ್ಮ ಲಗಮಗ ಉಡಿಕಿ ಮಾಡಕೊಳ್ಳಾಕ ಕೇಳತೇನಿ ಮುದಕವ್ವಾ. ಕೊಡತೀಯೇನು ನಿನ್ನ ಸೊಸೀನ? ನೀನೂ ಆಕಿ ಸಂಗಾಟನ ಬರಬೇಕು ಮತ್ತ."

ಮುದಕವ್ವ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಸೊಸೆಯ ಕಡೆ ನೋಡಿ, ತನ್ನ ಮಗನನ್ನು ನೆನೆದು, ಸ್ವಲ್ಪ ಹೊತ್ತು ಅತ್ತಳು. ಆಮೇಲೆ ತಲೆಯೆತ್ತಿದಳು.

"ಕೊಡತೇನಿ. ಆದ್ರ ನನಗ ಯಾವಾಗರೆ ಒಮ್ಮೆ ಜೀರಗಿ ಸಾರ ಬೇಕು."

"ಅದೊಂದ ಬಿಟ್ಟು ಏನರೆ ಕೇಳು," ಎಂದಳು ಶಟ್ಟೆವ್ವ, ಬೆಚ್ಚಿಬಿದ್ದು.

ಓಣಿಯ ಹೆಂಗಸರು ನಕ್ಕರು. ರಾಯವ್ವ ಅಳುತ್ತಲೇ ನಕ್ಕಳು.

ಹಿರಿಯರಿಬ್ಬರೂ ಒಳಗೆ ಹೋದರು. ಗಂಟು ಎತ್ತಿಕೊಳ್ಳಲು ಬಾಗಿದ ರಾಯವ್ವನ ಕೈಗಿಂತ ಮುಂಚೆ ಇನ್ನೊಂದು ಕೈ ಅದನ್ನು ಎತ್ತಿಕೊಂಡಿತು. ಲಗಮಪ್ಪ. ಇವತ್ತು ಅವನ ಕಣ್ಣಲ್ಲಿ ಯಾವ ಪ್ರಶ್ನೆಯೂ ಇರಲಿಲ್ಲ.

"ಇಷ್ಟ ದಿನ ಕರದ್ರೂ ಒಮ್ಮೆನೂ ಓ ಅನಲಿಲ್ಲ," ಎಂದಳು ಅವಳು, ನೆಲ ನೋಡುತ್ತ. "ಸೊಕ್ಕು ಅಂತ ತಿಳಕೊಂಡಿದ್ದೆ."

"ಆ ಹೆಸರಿಗೆ ಓ ಅಂದಿದ್ರ ಅದು ಖರೇ ಆಗಿಬಿಡತಿತ್ತು ರಾಯವ್ವ."

"ಮತ್ತ ಏನಂತ ಕರೀಲಿ?"

"ಕರದು ನೋಡು."

ಅವಳು ಬೀದಿಯ ಕಡೆ ಒಮ್ಮೆ ನೋಡಿ, ಸೆರಗು ಸರಿ ಮಾಡಿಕೊಂಡು, ಬಹಳ ಮೆಲ್ಲಗೆ ಕರೆದಳು.

"...ರೀ."

"ಓ," ಎಂದ ಲಗಮಪ್ಪ.